ಬಾಲಕ್ಕೆ ಕಟ್ಟಿದ ದುಡ್ಡು

ಸಿಂಧನೂರು ಬಿಟ್ಟು ರಾಯಚೂರಿನ ದಾರಿ ಹಿಡಿದರೆ ನಮ್ಮ ಜವಳಗೇರಾ ಸಿಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ, ಕಾಲುವೆಯ ಹಿಂದೆಯೇ ಬಂದ ಭತ್ತ, ಪಕ್ಕದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಬೀಜದ ಫಾರಂ. ಎಲ್ಲ ಇದೆ, ಕುದುರೆ ಇಲ್ಲ. ಮದುಮಗನ ಮೆರವಣಿಗೆಗೆ ಬೇಕೆಂದರೂ ಹೊರಗಿನಿಂದ ತರಿಸಬೇಕು. ಆದರೂ ಕುದುರೆ ನಮ್ಮವರ ಬಾಯಲ್ಲಿ ಉಳಿದಿದೆ. ಯಾರಾದರೂ ಪೇಟೆಗೆ ಹೋಗಿ ಕೈ ಬರಿದು ಮಾಡಿಕೊಂಡು ಬಂದರೆ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುತ್ತಾರೆ: "ಯಾವ ಕುದುರಿ ಬಾಲಕ್ಕ ಕಟ್ಟಿ ಬಂದಿಯೋ ತಮ್ಮಾ?"

ರೇಸಿನಲ್ಲಿ ದುಡ್ಡು ಕಳೆದವರನ್ನು ಆಡಿಕೊಳ್ಳುವ ಮಾತಿದು. ಬೆಂಗಳೂರಿನ ಕಡೆಯಿಂದ ಬಂದದ್ದಿರಬೇಕು ಅಂದುಕೊಂಡಿದ್ದೆ. ಆಮೇಲೆ ಫೆರ್ನಾವೋ ನೂನಿಜ್ ಬರೆದದ್ದು ಓದಿದೆ. ಈತ 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ, ಕಸುಬಿನಿಂದ ಕುದುರೆ ವ್ಯಾಪಾರಿ. ಅವನ ಕಾಲಕ್ಕೆ ಅರ್ಧ ಶತಮಾನ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿ ಹೇಳುತ್ತಾನೆ. ಓರ್ಮುಜ್, ಏಡನ್ ಬಂದರುಗಳಿಂದ ಕುದುರೆ ತರುವ ವರ್ತಕರಿಗೆ ಈ ಅರಸ ಕೇಳಿದ ಬೆಲೆ ಕೊಡುತ್ತಿದ್ದ. ಸಾವಿರ ಪರದಾವು ನಾಣ್ಯಕ್ಕೆ ಮೂರು ಕುದುರೆ. ಬದುಕಿ ಬಂದರೂ ಸರಿ, ಸತ್ತರೂ ಸರಿ. ಹಡಗಿನಲ್ಲಿ ಸತ್ತ ಕುದುರೆಯ ಬಾಲವೊಂದನ್ನು ಕೊಯ್ದು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದ.

ಅಂದರೆ ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದು ಈ ನಾಡಿನಲ್ಲಿ ಬರೀ ಗಾದೆಯಲ್ಲ, ಒಂದು ಕಾಲದ ಅರಮನೆಯ ಲೆಕ್ಕ.

ಅರಸನಿಗೆ ಹುಚ್ಚು ಹಿಡಿದಿರಲಿಲ್ಲ. ಕಡಲಿನ ನಷ್ಟವನ್ನು ತಾನು ಹೊತ್ತುಕೊಳ್ಳದಿದ್ದರೆ ವರ್ತಕ ಮುಂದಿನ ಸಲ ಹಡಗನ್ನು ಎದುರಾಳಿಯ ಬಂದರಿಗೆ ತಿರುಗಿಸುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಂದು ಸಂಕಟ ಇದಕ್ಕಿಂತ ಹಳೆಯದು. ದಕ್ಷಿಣದಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಲೇ ಇರಲಿಲ್ಲ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಸೀಮೆ ನೋಡಿದ ಮಾರ್ಕೊ ಪೋಲೊ ಬರೆದದ್ದನ್ನು ನೋಡಿ: ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಕುದುರೆ ಕೊಳ್ಳುತ್ತಾರೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ, ಅನ್ನ, ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಎತ್ತರದ ಗಂಡಿಗೂ ಎತ್ತರದ ಹೆಣ್ಣಿಗೂ ಹುಟ್ಟುವ ಮರಿಯೂ ಸೊಟ್ಟಗಾಲಿನದು, ಸವಾರಿಗೆ ಬಾರದು. ಪೋಲೊ ಮಾತಿಗೆ ಒಂದಿಷ್ಟು ಉಪ್ಪುಖಾರ ಬೆರೆತಿರಬಹುದು. ಭೀಮಾ ತೀರದ ಭೀಮಥಡಿ ತಟ್ಟುಗಳು ನಮ್ಮಲ್ಲೇ ಹುಟ್ಟಿ ಮರಾಠರನ್ನು ದೂರದೂರ ಹೊತ್ತವು. ಆದರೆ ಅವು ಗಿಡ್ಡ, ಗಟ್ಟಿ ತಟ್ಟುಗಳು. ಎತ್ತರದ ಯುದ್ಧದ ಕುದುರೆಗೆ ಮಾತ್ರ ಕಡಲ ಕಡೆಗೇ ಮುಖ ಮಾಡಬೇಕಿತ್ತು.

ಆ ಕಾಲದವರು ರಾಜರನ್ನು ಮೂರಾಗಿ ಕರೆಯುತ್ತಿದ್ದರು. ಒಡಿಶಾದವನು ಗಜಪತಿ, ವಿಜಯನಗರದವನು ನರಪತಿ, ಉತ್ತರದ ಸುಲ್ತಾನರು ಅಶ್ವಪತಿ. ನಮ್ಮ ದೋಆಬು, ಅಂದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎರೆ ನೆಲ, ನರಪತಿಯೂ ಅಶ್ವಪತಿಯೂ ಕಾದಾಡಿದ ಜಾಗ. ಮುದಗಲ್ಲು ಇವತ್ತು ಇವರದು, ನಾಳೆ ಅವರದು. ಬಹಮನಿ ಸುಲ್ತಾನರ ಕೈಲಿ ಮತ್ತೆಮತ್ತೆ ಯಾಕೆ ಸೋಲುತ್ತಿದ್ದೇವೆ ಎಂದು ಇಮ್ಮಡಿ ದೇವರಾಯ ಸಭೆ ಕರೆದು ಕೇಳಿದನಂತೆ. ಅವರ ಕುದುರೆ ಬಲವಾದದ್ದು, ಬಿಲ್ಲುಗಾರರು ಪಳಗಿದವರು ಎಂಬ ಉತ್ತರ ಬಂತೆಂದು ಚರಿತ್ರೆಕಾರ ಫೆರಿಸ್ತಾ ಬರೆಯುತ್ತಾನೆ. ಆಮೇಲೆ ದೇವರಾಯ ಮುಸ್ಲಿಂ ಸವಾರರನ್ನೇ ಪಡೆಗೆ ಸೇರಿಸಿಕೊಂಡ.

ಇನ್ನು 1520. ಕೃಷ್ಣದೇವರಾಯ ಸಯ್ಯದ್ ಮರಕ್ಕಾರ ಎಂಬ ವರ್ತಕನ ಕೈಗೆ 40,000 ಪರದಾವು ಕೊಟ್ಟು ಗೋವೆಗೆ ಕುದುರೆ ತರಲು ಕಳಿಸಿದ. ಗೋವೆ ಆಗಲೇ ಹತ್ತು ವರ್ಷದಿಂದ ಪೋರ್ಚುಗೀಸರ ಕೈಯಲ್ಲಿತ್ತು. ಓರ್ಮುಜಿನ ಕುದುರೆ ಅವರ ಸುಂಕದ ಕಟ್ಟೆ ದಾಟಿಯೇ ಬರಬೇಕು. ಮರಕ್ಕಾರ ಪೊಂಡಾದವರೆಗೆ ಹೋದ, ಅಲ್ಲಿಂದ ಹಣದ ಸಮೇತ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಆಶ್ರಯಕ್ಕೆ ಜಾರಿಕೊಂಡ. ಆಳನ್ನೂ ಹಣವನ್ನೂ ಒಪ್ಪಿಸು ಎಂದು ಓಲೆ ಹೋಯಿತು. ಶಾಹ ಒಪ್ಪಿಸಲಿಲ್ಲ, ಬದಲಿಗೆ ದಾಭೋಳ ಬಂದರನ್ನು ಆ ಮನುಷ್ಯನಿಗೆ ಉಂಬಳಿ ಕೊಟ್ಟ ಎನ್ನುತ್ತಾನೆ ನೂನಿಜ್. ಯುದ್ಧಕ್ಕೆ ನೆಪ ಬೇಕಿತ್ತು, ಸಿಕ್ಕಿತು. ರಾಯಚೂರು ಕೋಟೆ ಬೇಕಿತ್ತು ಎನ್ನುವುದು ಒಳಗಿನ ಕಾರಣ ಇರಬಹುದು. ಲೋಕದ ಮುಂದೆ ಹೇಳಿದ ಕಾರಣ ಮಾತ್ರ ಕುದುರೆಗೆ ಕೊಟ್ಟ ಮುಂಗಡ.

ಮೇ ತಿಂಗಳ ಬಿಸಿಲು. ನಮ್ಮ ಕಡೆಯ ಮೇ ಬಿಸಿಲು ಎಂದರೆ ಏನೆಂದು ಇಲ್ಲಿ ಇದ್ದವರಿಗೇ ಗೊತ್ತು. ವಿಜಯನಗರದ ದಂಡು ಮಲಿಯಾಬಾದಿನಲ್ಲಿ ಬೀಡು ಬಿಟ್ಟಿತ್ತು. ಶಾಹ ಕೃಷ್ಣೆ ದಾಟಿ ಬಂದು ಫಿರಂಗಿ ಸಿಡಿಸಿದಾಗ ರಾಯನ ಮುಂಚೂಣಿ ಮುರಿದು ಹಿಂದಕ್ಕೆ ಓಡಿತು. ಆಗ ರಾಯ ಬೆರಳಿನ ಉಂಗುರ ಬಿಚ್ಚಿ ಊಳಿಗದ ಹುಡುಗನ ಕೈಗಿತ್ತ. ನಾನು ಸತ್ತೆನೆಂದು ರಾಣಿಯರಿಗೆ ಇದನ್ನು ತೋರಿಸು ಎಂದು ಹೇಳಿ ಕುದುರೆ ಏರಿದ. ಉಳಿದ ದಂಡು ಅವನ ಹಿಂದೆ ನುಗ್ಗಿತು. ಸಂಜೆಯೊಳಗೆ ಶಾಹ ಆನೆಯೇರಿ ನದಿ ದಾಟಿ ಪಾರಾಗಬೇಕಾಯಿತು. ಗೆದ್ದವರ ಕೈಗೆ ಬಿದ್ದದ್ದು ನೂರು ಆನೆ, ನಾನೂರು ದೊಡ್ಡ ಫಿರಂಗಿ, ಓರ್ಮುಜಿನ ನಾಲ್ಕು ಸಾವಿರ ಕುದುರೆ. ಈ ಲೆಕ್ಕ ನೂನಿಜ್‌ನದು. ವ್ಯಾಪಾರಿಯಾದ ಅವನು ಕುದುರೆಯ ಲೆಕ್ಕ ತಪ್ಪುವವನಲ್ಲ ಎಂದುಕೊಳ್ಳೋಣ. 40,000 ಪರದಾವು ಮಾತ್ರ ವಾಪಸು ಬರಲಿಲ್ಲ. ಮರಕ್ಕಾರನೂ ಆಮೇಲೆ ಎಲ್ಲಿಯೂ ಕಾಣಲಿಲ್ಲ.

ಅದೇ ಅರಬ್, ತುರ್ಕಿ ಕುದುರೆಯ ಬೆನ್ನು ಹತ್ತಿ ಇಂಗ್ಲಿಷರೂ ಹೊರಟರು. ಅವರು ಸಾವಿರಗಟ್ಟಲೆ ತರಲಿಲ್ಲ. ಇವತ್ತು ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಯ ಗಂಡು ಸಾಲೆಲ್ಲ ಹೋಗಿ ಮುಟ್ಟುವುದು ಬರೀ ಮೂರು ಕುದುರೆಗೆ. ಕ್ಯಾಪ್ಟನ್ ರಾಬರ್ಟ್ ಬೈಯರ್ಲಿ ಯುದ್ಧದಲ್ಲಿ ಏರಿದ ಬೈಯರ್ಲಿ ಟರ್ಕ್. 1704ರಲ್ಲಿ ಥಾಮಸ್ ಡಾರ್ಲಿ ಅಲೆಪ್ಪೊದಿಂದ ಯಾರ್ಕ್‌ಷೈರಿನ ತನ್ನ ಮನೆಗೆ ಕಳಿಸಿದ ಡಾರ್ಲಿ ಅರೇಬಿಯನ್. ಪ್ಯಾರಿಸ್ ಸುತ್ತಿ ಬಂದು ಲಾರ್ಡ್ ಗೊಡಾಲ್ಫಿನ್‌ನ ಲಾಯ ಸೇರಿದ ಗೊಡಾಲ್ಫಿನ್ ಅರೇಬಿಯನ್. ಇವುಗಳನ್ನು ಊರಿನ ಹೆಣ್ಣು ಕುದುರೆಗಳಿಗೆ ಕೂಡಿಸಿದರು, ಹುಟ್ಟಿದ್ದನ್ನು ಓಡಿಸಿದರು, ಗೆದ್ದದ್ದನ್ನು ಮತ್ತೆ ಕೂಡಿಸಿದರು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದಿತ್ತು. ಅವರು ಇನ್ನೊಂದು ಮಾಡಿದರು: ಬರೆದಿಟ್ಟರು. 1791ರಲ್ಲಿ ಜೇಮ್ಸ್ ವೆದರ್ಬಿ ಜನರಲ್ ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕ ಹೊರತಂದ. ಯಾವ ಮರಿಗೆ ಯಾವ ತಂದೆ, ಯಾವ ತಾಯಿ. ಪುಸ್ತಕದಲ್ಲಿದ್ದರೆ ಥರೋಬ್ರೆಡ್, ಇಲ್ಲದಿದ್ದರೆ ಎಷ್ಟೇ ಜೋರಾಗಿ ಓಡಿದರೂ ಬರೀ ಕುದುರೆ.

ಜವಳಗೇರಾದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಫಾರಂ ನಡೆಯುವುದೇ ಈ ಲೆಕ್ಕದ ಮೇಲೆ. ತಳಿವರ್ಧಕ ಬೀಜದ ಚೀಲಕ್ಕೆ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ ಚೀಟಿ, ಅದರಿಂದ ಬಂದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಭತ್ತ ತೆನೆ ಒಡೆಯುವ ಹೊತ್ತಿಗೆ ಬೀಜದ ಪ್ಲಾಟಿನಲ್ಲಿ ಹೆಂಗಸರು ಸಾಲಾಗಿ ಇಳಿದು ಬೆರಕೆ ಕೀಳುತ್ತಾರೆ. ಒಂದು ಗಿಡ ಗೇಣು ಎತ್ತರ ಹೆಚ್ಚಿದ್ದರೆ, ತೆನೆಯ ಬಣ್ಣ ತುಸು ಬೇರೆಯಾಗಿದ್ದರೆ ಬುಡಸಮೇತ ಹೊರಗೆ. ಕಾಳು ತುಂಬಿ ಜಗ್ಗುತ್ತಿದ್ದರೂ ಬಿಡುವುದಿಲ್ಲ. "ಚಲೋ ಐತಲ್ಲವ್ವ, ಯಾಕ ಕೀಳ್ತಿ?" ಎಂದು ಸಣ್ಣವನಿದ್ದಾಗ ಒಬ್ಬಾಕೆಯನ್ನು ಕೇಳಿದ್ದೆ. "ಚಲೋ ಐತಿ, ಆದ್ರ ನಮ್ಮದಲ್ಲ" ಎಂದಿದ್ದಳು ಆಕೆ. ವೆದರ್ಬಿಯ ಪುಸ್ತಕವನ್ನು ಇಷ್ಟು ಚೊಕ್ಕವಾಗಿ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಸ್ತಕಕ್ಕೂ ಕುರುಡು ಇದೆ. ಅದು ಗಂಡಿನ ಹೆಸರನ್ನು ಮೆರೆಸಿತು. 1764ರ ಸೂರ್ಯಗ್ರಹಣದ ದಿನ ಹುಟ್ಟಿ ಎಕ್ಲಿಪ್ಸ್ ಎಂದೇ ಹೆಸರಾದ ಕುದುರೆ 18 ಓಟದಲ್ಲಿ ಒಮ್ಮೆಯೂ ಸೋಲಲಿಲ್ಲ. ಇವತ್ತಿನ ಥರೋಬ್ರೆಡ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳ ಗಂಡು ಸಾಲು ಅದರ ಮೂಲಕ ಡಾರ್ಲಿ ಅರೇಬಿಯನ್‌ಗೆ ಹೋಗುತ್ತದೆ. ಆದರೆ 2012ರಲ್ಲಿ ವಿಜ್ಞಾನಿಗಳು ಕಡಿಮೆ ದೂರದ ಮಿಂಚಿನ ವೇಗಕ್ಕೆ ಕಾರಣವಾದ ಜೀನಿನ ಜಾಡು ಹಿಡಿದು ಹೊರಟಾಗ ಅದು ಮುಟ್ಟಿದ್ದು ಅರಬ್ ಗಂಡಿಗಲ್ಲ. ಮುನ್ನೂರು ವರ್ಷದ ಹಿಂದೆ ಬ್ರಿಟನ್ನಿನಲ್ಲಿದ್ದ, ಹೆಸರು ಯಾರೂ ಬರೆದಿಡದ ಒಂದು ಹೆಣ್ಣು ಕುದುರೆಗೆ.

ಇಂಗ್ಲೆಂಡಿನಲ್ಲಿ ಕ್ಲಾಸಿಕ್ ಎನ್ನುವ ದೊಡ್ಡ ಓಟಗಳು ಶುರುವಾದವು: 1776ರಲ್ಲಿ ಸೇಂಟ್ ಲೆಜರ್, 1779ರಲ್ಲಿ ಓಕ್ಸ್, 1780ರಲ್ಲಿ ಎಪ್ಸಮ್‌ನಲ್ಲಿ ಡರ್ಬಿ. ಡರ್ಬಿ ಎನ್ನುವುದು ಅರ್ಲ್ ಆಫ್ ಡರ್ಬಿಯ ಹೆಸರು. ಆತನೂ ಸರ್ ಚಾರ್ಲ್ಸ್ ಬನ್ಬರಿಯೂ ನಾಣ್ಯ ಚಿಮ್ಮಿ ಹೆಸರು ಗೊತ್ತು ಮಾಡಿದರೆಂದು ಕತೆ. ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದಿದ್ದರೆ ಬೆಂಗಳೂರಿನಲ್ಲಿ ನಾವು ಈಗ ಬನ್ಬರಿ ನೋಡಲು ಹೋಗುತ್ತಿದ್ದೆವು. ಅಂದ ಹಾಗೆ ಮೊದಲ ಡರ್ಬಿ ಗೆದ್ದದ್ದು ಬನ್ಬರಿಯ ಕುದುರೆ, ಡಯೊಮೆಡ್.

ಡರ್ಬಿಗಿಂತ ಮೂರು ವರ್ಷ ಮೊದಲೇ, 1777ರಲ್ಲಿ, ಮದ್ರಾಸಿನ ಗಿಂಡಿಯಲ್ಲಿ ರೇಸ್ ಶುರುವಾಗಿತ್ತು. ಕಂಪನಿಯ ದಂಡು ಎಲ್ಲಿ ಡೇರೆ ಹಾಕಿತೋ ಅಲ್ಲೆಲ್ಲ ಮೈದಾನ ಹುಡುಕಿತು. ನಮ್ಮ ದೋಆಬಿಗೆ ದಂಡು ಬಂದದ್ದು ಸಾಲದ ಬಾಬತ್ತಿನಲ್ಲಿ. ನಿಜಾಮನ ಖರ್ಚಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಗೆ ಸಂಬಳ ಬಾಕಿ ಬಿತ್ತು. 1853ರ ಒಪ್ಪಂದದಲ್ಲಿ ಬಾಕಿಯ ಬದಲಿಗೆ ಬೇರಾರ್, ನಳದುರ್ಗದ ಸೀಮೆ ಮತ್ತು ರಾಯಚೂರು ದೋಆಬನ್ನು ಇಂಗ್ಲಿಷರಿಗೆ ಬರೆದುಕೊಟ್ಟದ್ದಾಯಿತು. 1860ರಲ್ಲಿ ದೋಆಬು ನಿಜಾಮನಿಗೆ ಮರಳುವ ತನಕ ಇಲ್ಲಿಯ ಎರೆಹೊಲದ ಕಂದಾಯ ಹೋದದ್ದು ಆ ಪಡೆಗೆ. ಲಿಂಗಸೂಗೂರಿನಲ್ಲಿ ಅದರ ಛಾವಣಿ ಇತ್ತು. 1858ರಲ್ಲಿ ಸುರಪುರದ ಮೇಲೆ ಕ್ಯಾಪ್ಟನ್ ವಿಂಡಮ್ ಹೊರಟದ್ದು ಅಲ್ಲಿಂದಲೇ. ಜೋಳ ಬಿತ್ತಿದವನು ಕಾಣದ ಕುದುರೆಗೆ ಹುರುಳಿ ಹಾಕುವುದು ಸಾಳುವ ನರಸಿಂಹನ ಕಾಲಕ್ಕೆ ಮುಗಿದಿರಲಿಲ್ಲ. ಅದೇ ಕಂಟಿಂಜೆಂಟ್‌ನ ರಾವುತರ ಪಡೆಯಿಂದ ಬೆಳೆದದ್ದು ಡೆಕ್ಕನ್ ಹಾರ್ಸ್ ರೆಜಿಮೆಂಟು. 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಈಟಿ ಹಿಡಿದು ಕುದುರೆಯ ಮೇಲೆ ನುಗ್ಗಿದವರಲ್ಲಿ ಅವರೂ ಇದ್ದರು. ಈಗ ಆ ಹೆಸರಿನವರು ಟ್ಯಾಂಕ್ ಓಡಿಸುತ್ತಾರೆ.

ಆಗ ನಮಗೆ ರಾಜಧಾನಿ ಹೈದರಾಬಾದು, ಹಾಗಾಗಿ ರೇಸೂ ಹೈದರಾಬಾದಿನದೇ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1886ರಲ್ಲಿ ಮೌಲಾಲಿಯ ರೇಸನ್ನು ತನ್ನ ಮಹಲಿಗೆ ಹತ್ತಿರದ ಮಲಕ್‌ಪೇಟೆಗೆ ತಂದ. ಐದು ವರ್ಷದ ನಂತರ, 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಮೈಸೂರು ರೇಸ್ ಕ್ಲಬ್ ಹುಟ್ಟಿತು. ಆ ದಿನಗಳಲ್ಲಿ ಇಲ್ಲಿ ಓಡುತ್ತಿದ್ದವು ಹೆಚ್ಚಾಗಿ ಅರಬ್ ಕುದುರೆಗಳು, ಆಸ್ಟ್ರೇಲಿಯದಿಂದ ಬಂದ ವೇಲರ್‌ಗಳು. ಬೊಂಬಾಯಿಯ ಬೈಕುಲ್ಲಾದಲ್ಲಿ ಅರಬ್ ವ್ಯಾಪಾರಿಗಳ ಲಾಯ, ಬಸ್ರಾದಿಂದ ಹಡಗು. ಓರ್ಮುಜಿನ ಹಳೆಯ ದಾರಿ ಹೆಸರು ಬದಲಿಸಿ ನಡೆದೇ ಇತ್ತು. 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ನ ರೆಜಿಮೆಂಟು ಪೂನಾ ಲೈಟ್ ಹಾರ್ಸ್ ಪಡೆಯಿಂದ ಪೋಲೊ ತಟ್ಟುಗಳನ್ನು ಸಗಟಿನಲ್ಲಿ ಕೊಂಡು, ಬಂದ ಕೆಲವೇ ವಾರಗಳಲ್ಲಿ ಹೈದರಾಬಾದಿಗೆ ಹೋಗಿ ಗೋಲ್ಕೊಂಡ ಕಪ್ ಗೆದ್ದಿತು.

ಹೊರಗಿನಿಂದ ಕೊಳ್ಳುವ ಈ ಚಾಳಿ ನಿಲ್ಲಿಸಿದ್ದು ಎರಡನೇ ಮಹಾಯುದ್ಧ. ಹಡಗಿನಲ್ಲಿ ಕುದುರೆಗೆ ಜಾಗವಿಲ್ಲದಾಯಿತು. ಇಲ್ಲಿಯೇ ಹುಟ್ಟಿದವುಗಳಿಗೆಂದು 1942-43ರಲ್ಲಿ ಕ್ಲಾಸಿಕ್ ಓಟಗಳು ಶುರುವಾದವು. 1943ರ ಮೊದಲ ಇಂಡಿಯನ್ ಡರ್ಬಿ ಗೆದ್ದದ್ದು ಬರೋಡಾ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಸ್ವಾತಂತ್ರ್ಯದ ನಂತರ ಆಮದಿಗೂ ಕಡಿವಾಣ ಬಿತ್ತು. ಸೊಟ್ಟಗಾಲಿನ ಮರಿ ಬಿಟ್ಟು ಬೇರೇನೂ ಹುಟ್ಟದು ಎಂದು ಮಾರ್ಕೊ ಪೋಲೊ ಬರೆದ ದಕ್ಷಿಣದಲ್ಲಿ ಈಗ ಡರ್ಬಿ ಕುದುರೆ ಹುಟ್ಟಬೇಕಿತ್ತು.

ಕುಣಿಗಲ್ ಮುನ್ನೆಲೆಗೆ ಬಂದದ್ದು ಹೀಗೆ. ಜನಪದ ಹಾಡಿನ ಕೆರೆಯಿಂದ ಹೆಸರಾದ ಊರಿನಲ್ಲಿ ಟಿಪ್ಪುವಿನ ಕಾಲದಿಂದಲೂ ದಂಡಿನ ಕುದುರೆ ಸಾಕುವ ಲಾಯವಿತ್ತು. ಟಿಪ್ಪು ಬಿದ್ದ ಮೇಲೆ ಮೈಸೂರಿನ ಸಿಲ್ಲೇದಾರ ಸವಾರರ ಕಾಲ ಬಂತು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಕುದುರೆಯ ಮೇಲೆ ನುಗ್ಗಿ ಗೆದ್ದರು. ಯುದ್ಧಕ್ಕೆ ಕುದುರೆ ಬೇಡವಾದ ಮೇಲೆ ಕುಣಿಗಲ್ಲಿನ ನಾನೂರಕ್ಕೂ ಹೆಚ್ಚು ಎಕರೆ ಹುಲ್ಲುಗಾವಲು ರೇಸಿನ ಮರಿಗಳ ತೊಟ್ಟಿಲಾಯಿತು. 1992ರಲ್ಲಿ ಸರ್ಕಾರ ಅದನ್ನು ಯುಬಿ ಗುಂಪಿನ ಕಂಪನಿಗೆ ಗುತ್ತಿಗೆ ಕೊಟ್ಟಿತು. ಮಂಗಳೂರು ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ಕಾಣುವ ಹಳೆಯ ಮರಗಳ ಆಚೆ, ಕೋಲುಕಾಲಿನ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಓಡುತ್ತವೆ.

ಈ ತಳಿಯ ಕಟ್ಟುಪಾಡು ಮಠದ್ದಕ್ಕಿಂತ ಬಿಗಿ. ದನಕ್ಕೆ ಕೊಡುವ ಇಂಜೆಕ್ಷನ್ ಗರ್ಭ ಇಲ್ಲಿ ನಡೆಯದು. ಗಂಡು ಹೆಣ್ಣು ಖುದ್ದು ಕೂಡಿದ್ದಕ್ಕೆ ದಾಖಲೆ ಬೇಕು. ಗಬ್ಬದ ಹನ್ನೊಂದು ತಿಂಗಳು ಲೆಕ್ಕ ಹಾಕಿಯೇ ಕೂಡಿಸುತ್ತಾರೆ. ಯಾಕೆಂದರೆ ಮರಿ ಯಾವತ್ತು ಹುಟ್ಟಿದರೂ ಅದರ ಹುಟ್ಟುಹಬ್ಬ ಜನವರಿ 1. ಡಿಸೆಂಬರ್ 28ಕ್ಕೆ ಬಿದ್ದ ಮರಿಗೆ ನಾಲ್ಕನೇ ದಿನಕ್ಕೆ ಒಂದು ವರ್ಷ ತುಂಬಿಬಿಡುತ್ತದೆ, ಹನ್ನೊಂದು ತಿಂಗಳು ದೊಡ್ಡ ಮರಿಗಳ ಜೊತೆ ಅದೂ ಓಡಬೇಕು. ನಮ್ಮ ಶಾಲೆಯಲ್ಲಿ ಅರ್ಧ ಕ್ಲಾಸಿನ ಹುಟ್ಟಿದ ದಿನ ಜೂನ್ 1 ಇತ್ತು. ಹೆಸರು ಹಚ್ಚುವ ದಿನ ಮಾಸ್ತರರು ಬರೆದದ್ದೇ ಜಾತಕ. ಥರೋಬ್ರೆಡ್ ಕುದುರೆಗೂ ನಮಗೂ ಅಷ್ಟರ ಮಟ್ಟಿಗೆ ನೆಂಟಸ್ತಿಕೆ ಇದೆ.

1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮ ದಾರಿ ಬೆಂಗಳೂರಿಗೆ ತಿರುಗಿತು. ಸಿಂಧನೂರಿನ ಸ್ಲೀಪರ್ ಬಸ್ಸು ಬೆಳಗಿನ ಜಾವ ಆನಂದರಾವ್ ಸರ್ಕಲ್ಲಿನಲ್ಲಿ ಇಳಿಸುತ್ತದೆ. ಅಲ್ಲಿಂದ ರೇಸ್‌ಕೋರ್ಸು ಕೂಗಳತೆ. ಕೋರ್ಟು, ವಿಧಾನಸೌಧದ ಕೆಲಸಕ್ಕೆ ಬಂದವರು ಮಧ್ಯಾಹ್ನ ಏನೂ ಆಗದೆ ಅಲ್ಲಿಗೆ ಹೋಗಿ ಕೂತ ಕತೆಗಳು ನಮ್ಮ ಕಡೆ ಬೇಕಾದಷ್ಟಿವೆ. ದೊಡ್ಡಪ್ಪನ ಮಗ ಒಮ್ಮೆ ನನ್ನನ್ನೂ ಕರೆದೊಯ್ದ. ನಾನು ಓಟ ನೋಡಿದ್ದಕ್ಕಿಂತ ಪ್ಯಾಡಾಕ್ ಬೇಲಿಗೆ ಒರಗಿ ನಿಂತದ್ದೇ ಹೆಚ್ಚು. ಸೈಸರು ಕುದುರೆಗಳನ್ನು ಸುತ್ತು ಹಾಕಿಸುತ್ತಿದ್ದರು. ಚರ್ಮ ಎಷ್ಟು ತೆಳು ಎಂದರೆ ನೊಣ ಕೂತಲ್ಲಿ ಮೈಯೆಲ್ಲ ತರಂಗ ಏಳುತ್ತಿತ್ತು, ಹೊಟ್ಟೆಯ ನರ ಹೊಲದ ಕಾಲುವೆಯ ಹಾಗೆ ಕವಲೊಡೆದು ಕಾಣುತ್ತಿತ್ತು. ಜಾಕಿಗಳು ಹೈಸ್ಕೂಲು ಹುಡುಗರ ಗಾತ್ರ. ಜೋರು ಕುದುರೆಗೆ ಹೆಚ್ಚು ಭಾರ ಹೊರಿಸುವ ಪದ್ಧತಿ ಇದೆ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಕೆಳಗಿನ ಬಟ್ಟೆಯ ಕಿಸೆಗಳಿಗೆ ಸೀಸದ ತಗಡು ತುಂಬುತ್ತಾರೆ. ಅಣ್ಣ ರೇಸ್ ಬುಕ್ ಬಿಡಿಸಿ ತಂದೆ, ತಾಯಿ, ತಾಯಿಯ ತಂದೆ ಎಂದು ಬೆರಳಿಟ್ಟು ಓದಿ, ವಂಶ ನೋಡಿ, 200 ರೂಪಾಯಿ ಕಟ್ಟಿದ. ಅವನ ಕುದುರೆ ಕೊನೆಯಿಂದ ಎರಡನೆಯದು. ಬಾಲ ಮಾತ್ರ ಚೆನ್ನಾಗಿ ಕಂಡಿತು.

ಇದು ಜೂಜೋ ಜಾಣತನವೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ, ಲಕ್ಷ್ಮಣನ್ ಮತ್ತು ತಮಿಳುನಾಡು ಸರ್ಕಾರದ ಪ್ರಕರಣದಲ್ಲಿ, ಉತ್ತರ ಕೊಟ್ಟಿದೆ: ಕುದುರೆ ರೇಸು ಕೌಶಲದ ಆಟ. ಅಣ್ಣನನ್ನು ಕೇಳಿದರೆ ಬೇರೆ ಹೇಳಿಯಾನು. ಕೌಶಲ ಎಂದು ಒಪ್ಪಿದ ಮೇಲೂ ತೆರಿಗೆಯವರು ಬಿಡಲಿಲ್ಲ. 2023ರ ಅಕ್ಟೋಬರಿನಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿ, 2025ರ ಸೆಪ್ಟೆಂಬರಿನಿಂದ ಶೇ 40. ಬೆಂಗಳೂರು ಮೈದಾನದ ಗುತ್ತಿಗೆ 2009ಕ್ಕೇ ಮುಗಿದಿದೆ. ಅಲ್ಲಿಂದ ಎತ್ತಿ ಕುಣಿಗಲ್ಲಿಗೆ ಒಯ್ಯುವ ಮಾತು ವರ್ಷಗಳಿಂದ ಓಡುತ್ತಿದೆ.

ಭಾರತದ ಥರೋಬ್ರೆಡ್ ವಂಶಾವಳಿ ಈಗ ಪುಣೆಯಲ್ಲಿದೆ. ಮರಿ ಹುಟ್ಟಿದರೆ ಮಾಲೀಕನ ಮಾತು ನಂಬಿ ಹೆಸರು ಹಚ್ಚುವ ಕಾಲ ಹೋಯಿತು, ಡಿಎನ್‌ಎ ತಾಳೆಯಾಗಬೇಕು. ಜಗತ್ತಿನ ಹಲವು ಸ್ಟಡ್ ಬುಕ್‌ಗಳು ಅದಕ್ಕೆ ಕೇಳುವುದು ಕೂದಲನ್ನು: ಮರಿಯ ಜೂಲಿನಿಂದಲೋ ಬಾಲದಿಂದಲೋ ಹಿಡಿಯಷ್ಟು, ಬೆರಳಿಗೆ ಸುತ್ತಿ ಜಗ್ಗಿ ಕಿತ್ತದ್ದು. ಕತ್ತರಿಸಿದರೆ ಆಗದು, ಬೇರು ಇರಬೇಕು. ಕಿತ್ತ ಕೂದಲನ್ನು ಲಕೋಟೆಗೆ ಹಾಕಿ, ಮೇಲೆ ತಾಯಿಯ ಹೆಸರು ಬರೆದು, ಅಂಟು ಹಚ್ಚಿ ಕಳಿಸುತ್ತಾರೆ.